ಸೂರತ್ತಿಗೆ ಮುಟ್ಟದ ಸುದ್ದಿ

ನನ್ನ ಕೊನೆಯ ನೆಮ್ಮದಿಯ ದಿನ ನಾನು ಮೆಂತ್ಯದ ಸೊಪ್ಪು ಕೊಂಡೆ. ಸೂರತ್ತಿಗೆ ಬಂದ ಮೇಲೆ ಮೊದಲ ಸಲ ಗುಜರಾತಿಯಲ್ಲೇ ಚೌಕಾಸಿ ಮಾಡಿದ್ದೆ. ಮಾರುವವಳು ‘ಚಾಲಶೆ’ ಎಂದಳು. ನಡೆಯುತ್ತದೆ ಎಂದು ಅರ್ಥ. ಗೆದ್ದವಳ ಹಾಗೆ ಮನೆಗೆ ಬಂದು ಸೊಪ್ಪು ಬಿಡಿಸುತ್ತ ಕುಳಿತೆ. ಅದೇ ಸಂಜೆ ಕಲ್ಲೋಳಿಯಲ್ಲಿ ನನ್ನ ಅಕ್ಕನನ್ನು ಮಣ್ಣು ಮಾಡುತ್ತಿದ್ದರು. ನನಗೆ ಗೊತ್ತಿರಲಿಲ್ಲ.

ನಾವು ಗೋಕಾಕ ಫಾಲ್ಸ್‌ನವರು. ಗಂಡನಿಗೆ ಇಲ್ಲಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಇರುವುದು ಒಂದು ಓರಡಿ, ಅಂದರೆ ಒಂದೇ ಕೋಣೆ. ಅಲ್ಲಿ ನೀರಿನ ಸದ್ದಿಗೆ ಮಲಗಿದವರು ಇಲ್ಲಿ ಮಗ್ಗಗಳ ಸದ್ದಿಗೆ ಮಲಗಲು ಕಲಿತೆವು. ಬೇಳೆಗೆ ಇಲ್ಲಿಯವರು ಬೆಲ್ಲ ಹಾಕುತ್ತಾರೆ. ಬಾಜೂ ಮನೆಯ ಕಾಂತಾಬೆನ್ ಮೊದಲ ದಿನ ಕೊಟ್ಟ ಬೇಳೆಯನ್ನು ನಾನು ಪಾಯಸ ಎಂದುಕೊಂಡು ಊಟದ ಕೊನೆಗೆ ಎತ್ತಿಟ್ಟಿದ್ದೆ. ಅವಳು ಒಂದು ವಾರ ನಕ್ಕಳು.

ಆಗೆಲ್ಲ ಒಂಟಿತನ ಅಷ್ಟು ಕಾಡಲಿಲ್ಲ. ಭಾನುವಾರ ಅಕ್ಕ ತನ್ನನ್ನು ಕೊಟ್ಟ ಊರಾದ ಕಲ್ಲೋಳಿಯ ಎಸ್‌ಟಿಡಿ ಬೂತಿನಿಂದ ನನ್ನ ಗಂಡನ ಮೊಬೈಲಿಗೆ ಫೋನು ಮಾಡುತ್ತಿದ್ದಳು. ಬೂತಿನಲ್ಲಿ ಹಿಂದೆ ನಿಂತವರು ಗದರಿಸುವುದೂ ನನಗೆ ಕೇಳುತ್ತಿತ್ತು. ‘ತಡೀರಿ, ನನ್ನ ತಂಗಿ ದೂರ ಅದಾಳ’ ಎಂದು ಅವರಿಗೆ ಹೇಳಿ ಮತ್ತೆ ಮಾತಿಗೆ ಬರುತ್ತಿದ್ದಳು.

ಅದನ್ನು ನಿಲ್ಲಿಸಿದ್ದು ಹುಡುಗರ ಆ ಕಂಪ್ಯೂಟರ್ ಚಾವಡಿ. ಅದರ ಹೆಸರು ಬರೆಯಲು ನನಗೆ ಮನಸ್ಸಿಲ್ಲ. ಅಕ್ಕನ ಮಗ ಬಸು ಗೋಕಾಕದಲ್ಲಿ ಕಾಲೇಜು ಸೇರಿದ, ನನ್ನ ಮಗ ಮಲ್ಲು ಇಲ್ಲಿ. ಇಬ್ಬರೂ ಸೈಬರ್ ಕೆಫೆಗೆ ಹೋಗಿ ಆ ಚಾವಡಿಯಲ್ಲಿ ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆಯತೊಡಗಿದರು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ. ನಾನು ಊರಿನ ಸುದ್ದಿ ಕೇಳಿದರೆ ಮಲ್ಲು, ‘ಎಲ್ಲಾ ಆರಾಮಂತ, ಬಸು ಬರದಾನ’ ಎನ್ನುತ್ತಿದ್ದ. ಅಕ್ಕನಿಗೂ ಅಲ್ಲಿ ಇದೇ ಉತ್ತರ. ಹುಡುಗರು ದಿನಾ ಮಾತಾಡುತ್ತಾರಲ್ಲ, ನಾವೇಕೆ ಬೂತಿನಲ್ಲಿ ನಿಲ್ಲಬೇಕು ಎಂದು ಭಾನುವಾರಗಳು ಒಂದೊಂದಾಗಿ ತಪ್ಪಿದವು. ಕೊನೆಯ ಕೆಲವು ತಿಂಗಳು ನಾನು ಅಕ್ಕನ ದನಿಯನ್ನೇ ಕೇಳಿಲ್ಲ. ‘ಆರಾಮ’ ಎಂಬುದೊಂದು ಪದ ಬರುತ್ತಿತ್ತು, ಅಷ್ಟೇ.

ಸೊಪ್ಪು ತಂದ ಮರುದಿನ ಸಂಜೆ ಮಲ್ಲು ಬಾಗಿಲಲ್ಲಿ ನಿಂತ. ಪರೀಕ್ಷೆ ಇದ್ದುದರಿಂದ ಎರಡು ದಿನ ಕೆಫೆಗೆ ಹೋಗಿರಲಿಲ್ಲ.

‘ಅವ್ವಾ, ದೊಡ್ಡವ್ವ ತೀರಿಕೊಂಡ್ಳಂತ. ಬಸು ಮೊನ್ನೇನ ಪುಟದಾಗ ಹಾಕ್ಯಾನ. ನಾ ಈಗ ನೋಡಿದೆ.’

ಕಾಂತಾಬೆನ್‌ಗೆ ನನ್ನ ಅಳು ಕೇಳಿಸಿತು. ಭಾಷೆ ತಿಳಿಯದವಳು ಬಂದು, ಏನೂ ಕೇಳದೆ, ನನ್ನ ಬೆನ್ನ ಮೇಲೆ ಕೈಯಿಟ್ಟು ಕುಳಿತಳು.

ನಮ್ಮ ಕಡೆ ಸಾವಿನ ಸುದ್ದಿಗೆ ಆಳು ಹೋಗಬೇಕು. ಹೋದವನು ಒಳಗೆ ಬರುವುದಿಲ್ಲ, ನೀರು ಕುಡಿಯುವುದಿಲ್ಲ. ಹೊಸ್ತಿಲಾಚೆ ನಿಂತು, ಕೇಳುವವರ ಮುಖ ನೋಡಿ ಹೇಳುತ್ತಾನೆ. ಅವರು ಕುಸಿದರೆ ಹಿಡಿಯುವವನೂ ಅವನೇ. ನಮ್ಮ ಅಪ್ಪ ಹೋದಾಗ ಬಂದವನು ನನ್ನನ್ನು ತನ್ನ ಗಾಡಿಯ ಹಿಂದೆ ಕೂರಿಸಿಕೊಂಡೇ ಹೋಗಿದ್ದ. ದೂರದ ಊರಾದರೆ ಫೋನು, ಆದರೂ ಒಂದು ದನಿ ಇರುತ್ತಿತ್ತು. ಸುದ್ದಿ ಒಯ್ದವನು ‘ಮುಟ್ಟಿಸೀನಿ’ ಎಂದರೆ ಮುಟ್ಟಿತೆಂದೇ ಲೆಕ್ಕ. ಯಾರೂ ಎರಡನೇ ಸಲ ಕೇಳುವುದಿಲ್ಲ. ಸತ್ತವಳು ಹೆಣ್ಣಾದರೆ ತವರಿನವರು ಬಂದು ಹಿಡಿ ಮಣ್ಣು ಹಾಕಲಿ ಎಂದು ಕಾಯುತ್ತಾರೆ. ತಾಯಿತಂದೆ ಹೋದ ಮೇಲೆ ಅಕ್ಕನಿಗೆ ತವರು ಎಂದರೆ ನಾನೊಬ್ಬಳೇ.

ಅಕ್ಕ ಗೋಕಾಕದ ಆಸ್ಪತ್ರೆಯಲ್ಲಿ ಮಧ್ಯಾಹ್ನ ತೀರಿಕೊಂಡಳಂತೆ, ಎದೆನೋವು. ಅಕ್ಕನ ಗಂಡ, ನಮ್ಮ ಮಾಮಾ, ಸೂರತ್ತಿಗೆ ತಿಳಿಸು ಎಂದು ಬಸುನನ್ನು ಕಳಿಸಿದರು. ಅವನು ಹೋಗಿ ಬಂದು ಮುಟ್ಟಿಸೀನಿ ಎಂದ. ನಾವು ರೈಲು ಹತ್ತಿರಬೇಕೆಂದು ಮಾರನೆಯ ಸಂಜೆಯವರೆಗೆ ಕಾದರು.

ನಾನು ಘಟಪ್ರಭಾದಲ್ಲಿ ರೈಲು ಇಳಿದು ಕಲ್ಲೋಳಿ ಮುಟ್ಟುವ ಹೊತ್ತಿಗೆ ಕಟ್ಟೆಯ ಮೇಲೆ ಹೆಂಗಸರು ಕುಳಿತಿದ್ದರು. ‘ಈಗ ಬಂದ್ಳ ನೋಡ್ರಿ ಸೂರತ್ತಿನಾಕಿ, ಸೀರಿ ಮಡಿಕಿ ಮುರೀಬಾರದಂತ ಸಾವಕಾಶ ಬಂದಾಳ’ ಎಂದು ಒಬ್ಬಳು ನನಗೆ ಕೇಳುವಂತೆಯೇ ಅಂದಳು. ಮಾಮಾ ಬೈಯಲಿಲ್ಲ.

‘ಹೊತ್ತ ಮುಳುಗೂತನಕ ಹಾದಿ ನೋಡಿದ್ವಿ ತಂಗೆವ್ವ. ಇನ್ನ ಇಡಾಕ ಬರಲಿಲ್ಲ.’

ಬಸುನನ್ನು ಹಿತ್ತಲಿಗೆ ಕರೆದು ಕೇಳಿದೆ, ಒಂದು ಫೋನು ಯಾಕೆ ಮಾಡಲಿಲ್ಲ ಎಂದು.

‘ಹಾಕೀನಲ್ರಿ ಚಿಗವ್ವಾ, ಆಗಿಂದಾಗ ಹಾಕೀನಿ. ಎಷ್ಟ ಮಂದಿ ಉತ್ತರ ಬರದಾರ ನೋಡ್ರಿ ಬೇಕಾದ್ರ.’

ಅವನು ತಲೆ ತಗ್ಗಿಸಿದ.

‘ಫೋನ್ ಮಾಡಿದ್ರ ಬಾಯಿಲೆ ಹೇಳಬೇಕಾಗ್ತಿತ್ರಿ, ಅವ್ವ ಸತ್ಲು ಅಂತ. ನನಗ ಆಗಲಿಲ್ಲ. ಬರ್ಯೂದು ಸಲೀಸ ಆತು.’

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಾಯಿ ಸತ್ತ ದಿನವೂ ಬಾಯಿ ತೆರೆಯದೆ ಇರಬಹುದು ಎಂದು ಅವನಿಗೆ ಕಲಿಸಿಕೊಟ್ಟ ಆ ಯಂತ್ರದ ಮೇಲೆ ಇದೆ. ಗುರುತಿಲ್ಲದವರೆಲ್ಲ ಅಲ್ಲಿ ಅಳುವ ಮುಖದ ಚಿತ್ರ ಅಂಟಿಸಿ ಹೋಗಿದ್ದರು. ಒಡಹುಟ್ಟಿದವಳು ಸೊಪ್ಪು ಬಿಡಿಸುತ್ತಿದ್ದಳು. ಇದನ್ನು ಜನರನ್ನು ಹತ್ತಿರ ತರುವ ಸಾಧನ ಎನ್ನುತ್ತಾರೆ. ನಾನು ನಂಬುವುದಿಲ್ಲ.

ಈಗ ಮತ್ತೆ ಸೂರತ್ತಿನಲ್ಲಿದ್ದೇನೆ. ಕಾಂತಾಬೆನ್ ದಿನಾ ಬಂದು ಕೂಡುತ್ತಾಳೆ. ಅವಳಿಗೆ ಅಕ್ಕನ ಬಗ್ಗೆ ಹೇಳುವಷ್ಟು ಗುಜರಾತಿ ನನಗಿಲ್ಲ. ಅಕ್ಕನ ಬಗ್ಗೆ ಗೊತ್ತಿರುವ ಊರಿನಲ್ಲಿ ನಾನು ತಡವಾಗಿ ಬಂದವಳು. ಅಲ್ಲಿ ಎಲ್ಲರೂ ಮಣ್ಣು ಹಾಕಿದ್ದಾರೆ. ತವರಿನ ಹಿಡಿ ಮಣ್ಣು ಅಕ್ಕನ ಮೇಲೆ ಬಿದ್ದಿಲ್ಲ.