ಈಶಾನ್ಯ ಮೂಲೆಯ ಇಳಿಜಾರು

ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿರುವ ಮಗಳ ಶಾಲೆಗೆ ಎತ್ತರದ ವರಾಂಡ. ಗಾಲಿಕುರ್ಚಿಯಲ್ಲಿ ಓಡಾಡುವ ಅವಳನ್ನು ವಾಚ್‌ಮನ್ನೂ ಆಯಾಳೂ ದಿನಾ ಕುರ್ಚಿಸಮೇತ ಎತ್ತಿ ಮೆಟ್ಟಿಲು ಹತ್ತಿಸುತ್ತಿದ್ದರು. ಚಿಕ್ಕವಳಿದ್ದಾಗ ಅವಳಿಗೆ ಅದೊಂದು ಆಟ. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಆಟ ಮುಗಿದಿತ್ತು. ಬೇಸಿಗೆ ರಜೆಯಲ್ಲಿ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದಳು:

“ಮಮ್ಮಿ, ಇನ್ನ ಯಾರರ ನನ್ನ ಎತ್ತಿದ್ರ ನಾ ಸಾಲಿಗೆ ಹೋಗಂಗಿಲ್ಲ. ಖರೇನ ಹೇಳಾಕತ್ತೀನಿ.”

ಅವಳು ಬೆದರಿಸುವವಳಲ್ಲ. ಹೇಳಿದ್ದನ್ನು ಮಾಡುವವಳು, ಥೇಟ್ ಅವಳ ಅಜ್ಜಿಯ ಹಾಗೆ.

ನಾನು ಶಾಲೆಯ ಕರೆಸ್ಪಾಂಡೆಂಟರನ್ನು ಕಂಡೆ. ಈ ತೆಲುಗು ಊರಿನಲ್ಲಿ ಶಾಲೆಯ ಮಾಲೀಕರಿಗೆ ಹಾಗೆನ್ನುತ್ತಾರೆ, ಏಕೆಂದು ನನಗೆ ಯಾರೂ ಹೇಳಿಲ್ಲ. ರ‍್ಯಾಂಪ್ ಕಟ್ಟಿಸಲು ಅವರು ಒಂದೇ ಮಾತಿಗೆ ಒಪ್ಪಿದರು. ಮರಳು, ಸಿಮೆಂಟು ಬಂದವು. ಅವುಗಳ ಹಿಂದೆಯೇ ವಾಸ್ತು ನೋಡುವ ಸಿದ್ಧಾಂತಿಗಳೂ ಬಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ರ‍್ಯಾಂಪಿನ ಕೆಳತುದಿ ಬರುತ್ತಿದ್ದದ್ದು ಅಂಗಳದ ಈಶಾನ್ಯ ಮೂಲೆಗೆ. ಅಲ್ಲಿ ಭಾರ ಹೇರಬಾರದು ಎಂದು ಅವರು ಮೂಲೆ ಬಿಡಿಸಿದರು. ಉದ್ದ ಕಡಿಮೆಯಾಯಿತು, ಎತ್ತರ ಮಾತ್ರ ಇದ್ದಷ್ಟೇ ಇತ್ತು. ಕಟ್ಟಿದ ಮೇಲೆ ಅದು ಟೀಚರುಗಳ ಸ್ಕೂಟಿಗಳಿಗೆ ಭಾಳ ಅನುಕೂಲವಾಯಿತು. ಗಕ್ಕನೆ ಏರಿ ವರಾಂಡದ ನೆರಳಿನಲ್ಲಿ ನಿಲ್ಲುತ್ತಿದ್ದವು.

ಶಾಲೆ ಶುರುವಾದ ದಿನ ರಿಬ್ಬನ್ ಕತ್ತರಿಸಿ, ತೆಂಗಿನಕಾಯಿ ಒಡೆದರು. ಮಗಳು ತಾನೇ ಗಾಲಿ ತಿರುಗಿಸುತ್ತ ಅರ್ಧಕ್ಕೆ ಏರಿದಳು. ಅಲ್ಲಿಂದ ಕುರ್ಚಿ ಹಿಂದಕ್ಕೆ ಜಾರಿತು. ನಾನು ಹಿಡಿದುಕೊಂಡೆ. ಕರೆಸ್ಪಾಂಡೆಂಟರು ಕಣ್ಸನ್ನೆ ಮಾಡಿದ್ದೇ ತಡ, ವಾಚ್‌ಮನ್ ಮತ್ತು ಆಯಾ ಓಡಿಬಂದು ಅವಳನ್ನು ಎತ್ತಿ, ಹೊಸ ರ‍್ಯಾಂಪಿನ ಮೇಲೆಯೇ ಹೊತ್ತುಕೊಂಡು ಹೋಗಿ ವರಾಂಡದಲ್ಲಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋದಲ್ಲಿ ಅವಳೊಬ್ಬಳೇ ನೆಲ ನೋಡುತ್ತಿದ್ದಾಳೆ. ನನಗೆ ಬಂದ ಸಿಟ್ಟಿಗೆ ಆ ರಿಬ್ಬನ್ ಕತ್ತರಿ ನನ್ನ ಕೈಯಲ್ಲಿರದಿದ್ದದ್ದೇ ಒಳ್ಳೆಯದಾಯಿತು.

ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಪುಸಲಾಯಿಸಿದೆ, ಗದರಿದೆ. ಉಹೂಂ.

ಆಗ ನಮ್ಮತ್ತೆ ಎದ್ದರು. ವಾಸ್ತುವಿನ ಮಾತು ಕೇಳಿ ನಮ್ಮ ಮನೆಯ ಫ್ರಿಜ್ಜನ್ನು ಮೂಲೆಯಿಂದ ಮೂಲೆಗೆ ಅಲೆಸಿದವರು ಅವರು, ಸಿದ್ಧಾಂತಿಗಳ ಪಕ್ಷವೇ ಹಿಡಿಯುತ್ತಾರೆಂದುಕೊಂಡೆ. ಆದರೆ ನನ್ನನ್ನು ಕರೆದುಕೊಂಡು ಸಿದ್ಧಾಂತಿಗಳ ಮನೆಗೇ ನಡೆದರು.

“ಸ್ವಾಮ್ಯಾರ, ಜಾಗದ ಇಳಿಜಾರ ಯಾವ ಕಡೆ ಇರಬೇಕ್ರಿ?”

“ಈಶಾನ್ಯಾನಿಕೇ ಕದಮ್ಮಾ,” ಎಂದರು ಸಿದ್ಧಾಂತಿಗಳು, ಈಶಾನ್ಯಕ್ಕಲ್ಲದೆ ಇನ್ನೆಲ್ಲಿಗೆ, ಇದೂ ಒಂದು ಪ್ರಶ್ನೆಯೇ ಎಂಬಂತೆ.

“ಮತ್ತ ಸಾಲ್ಯಾಗ ಕಟ್ಟೋದೂ ಇಳಿಜಾರ ಅಲ್ಲೇನ್ರಿ? ಈಶಾನ್ಯಕ್ಕ ನೀರ ಹರದ ಬರಬೇಕು ಅಂತೀರಿ. ನಮ್ಮ ಕೂಸು ಬರಬಾರದೇನ್ರಿ?”

ಸಿದ್ಧಾಂತಿಗಳಿಗೆ ಕನ್ನಡ ಅಷ್ಟಕ್ಕಷ್ಟೇ, ಆದರೆ ಮಾತು ತಾಗಿತು. ಪಂಚಾಂಗ ತೆಗೆದರು, ಮಡಚಿದರು. ಇಳಿಜಾರಾದರೆ ಅದು ಭಾರವಲ್ಲ, ಮೂಲೆಯವರೆಗೂ ಇಳಿಯಬಹುದು, ತಾವು ಮೊದಲೇ ಇದನ್ನೇ ಹೇಳಿದ್ದೆವು ಎಂದು ತೆಲುಗಿನಲ್ಲಿ ಸಾರಿದರು. ಇಂಥ ಇಳಿಜಾರು ಎಷ್ಟಿರಬೇಕೆಂಬ ಸರ್ಕಾರದ ನಿಯಮಗಳನ್ನು ನಾನು ಫೋನಿನಲ್ಲಿ ಸಿದ್ಧಮಾಡಿಕೊಂಡು ಹೋಗಿದ್ದೆ. ತೆರೆಯುವ ಪ್ರಸಂಗವೇ ಬರಲಿಲ್ಲ.

ಹಳೆಯದನ್ನು ಒಡೆದು ಮೂಲೆಯಿಂದ ಉದ್ದನೆಯ ರ‍್ಯಾಂಪ್ ಕಟ್ಟಿದರು. ಈ ಸಲ ರಿಬ್ಬನ್ ಇರಲಿಲ್ಲ. ನಾನು ರೂಢಿಯಂತೆ ಹಿಂದಿನಿಂದ ಕೈ ಚಾಚಿದೆ.

“ಮಮ್ಮಿ, ಕೈ ತಗಿ.”

ತೆಗೆದೆ. ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡಳು. ವಾಚ್‌ಮನ್ ಸ್ಟೂಲಿನಿಂದ ಎದ್ದವನು ಹಾಗೆಯೇ ಕುಳಿತ. ಅವಳು ಮೇಲೆ ತಲುಪಿ, ನನ್ನ ಕಡೆ ನೋಡದೆ ಒಳಗೆ ಹೋದಳು.

ವಾರ ಕಳೆದಿರಬೇಕು. ಒಂದು ಸಂಜೆ ಮುಖ ಊದಿಸಿಕೊಂಡು ಬಂದಳು. ಗೆಳತಿಯ ಜೊತೆ ವರಾಂಡದಲ್ಲಿ ಹರಟುತ್ತ ಗಂಟೆ ಬಾರಿಸಿದ್ದು ತಿಳಿಯಲಿಲ್ಲವಂತೆ. “ಲೇಟ್ ಆತಂತ ಮಿಸ್ಸು ಬೈದ್ರು. ಇಬ್ಬರನ್ನೂ ಹೊರಗ ನಿಲ್ಲಿಸಿದ್ರು.”

ಅತ್ತೆ ಆ ಮಿಸ್ಸಿನ ಜೊತೆ ಜಗಳಕ್ಕೆ ಹೊರಟೇಬಿಟ್ಟರು. ನಾನು ತಡೆದೆ. ಇಷ್ಟು ವರ್ಷ ಅವಳು ತಡವಾದರೆ ಅದು ಎತ್ತುವವರ ತಪ್ಪಾಗಿರುತ್ತಿತ್ತು, ಅವಳನ್ನು ಬೈದವರೇ ಇರಲಿಲ್ಲ. ನನಗೆ ಹೇಳಲಾರದಷ್ಟು ಸಂತೋಷವಾಯಿತು.

“ನಿಂದ ತಪ್ಪು,” ಎಂದೆ. “ನಾಳೆ ಲಗೂ ಒಳಗ ಹೋಗು.”