ಗಂಗಾವತಿಯಲ್ಲಿ ಎಸೆದ ಭರ್ಜಿ

ನಮ್ಮ ಡ್ರಿಲ್ ಅಕ್ಕೋರ ಬಲತೋಳು ಎಡತೋಳಿಗಿಂತ ಎರಡು ಬೆರಳು ದಪ್ಪ. ಯಲಬುರ್ಗಾದ ದರ್ಜಿ ಅವರ ಜಂಪರಿಗೆ ಎರಡು ತೋಳಿಗೂ ಬೇರೆಬೇರೆ ಅಳತೆ ಬರೆದುಕೊಳ್ಳುತ್ತಿದ್ದ. ಒಮ್ಮೆ ಅವನ ಅಳಿಯ ಎರಡನ್ನೂ ಒಂದೇ ಅಳತೆಗೆ ಹೊಲಿದುಕೊಟ್ಟ. ಬೆಳಗಿನ ಕವಾಯತಿನಲ್ಲಿ ಅಕ್ಕೋರು ಕೈಯೆತ್ತಿದ ಕೂಡಲೇ ಬಲತೋಳು ಪರ್ರನೆ ಹರಿಯಿತು. ಹುಡುಗಿಯರೆಲ್ಲ ಉಸಿರು ಬಿಗಿಹಿಡಿದು ನಿಂತರು. ಅವರು ಸೆರಗು ಎಳೆದುಕೊಂಡು, "ನಗೂದಿದ್ರ ಈಗ ನಕ್ಕಬಿಡ್ರಿ, ಆಮ್ಯಾಲೆ ಓಡೂದೈತಿ" ಎಂದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಆ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಅವರಿಗಿಂತ ಹತ್ತು ವರ್ಷ ಚಿಕ್ಕವಳು, ಕೆಲಸವೂ ಹಂಗಾಮಿ. ಅದಕ್ಕೇ ಅವರಿಗೆ ನಾನು ಸಣ್ಣಕ್ಕೋರು. ಮಧ್ಯಾಹ್ನ ಇಬ್ಬರೂ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಅವರ ತಾಯಿ ಬಡಿದ ಸಜ್ಜಿ ರೊಟ್ಟಿಯಲ್ಲಿ ಅರ್ಧ ನನಗೆ ಎಂದು ಅವರೇ ಠರಾಯಿಸಿಬಿಟ್ಟಿದ್ದರು.

ಆ ತಾಯಿ ಕಾಲುವೆ ಕೆಲಸದಲ್ಲಿ ಮಣ್ಣು ಹೊತ್ತವಳು. ಅಕ್ಕೋರೂ ಬುಟ್ಟಿ ಹೊತ್ತೇ ಬೆಳೆದವರು. ಗದ್ದೆಯ ಹಕ್ಕಿ ಹೊಡೆಯಲು ಕವಣೆ ಬೀಸುತ್ತಿದ್ದ ಹುಡುಗಿಯನ್ನು ಒಬ್ಬ ಮಾಸ್ತರು ನೋಡಿ ಕೈಗೆ ಭರ್ಜಿ ಕೊಟ್ಟರಂತೆ. ಮದುವೆಯಾಗಿ ಮೂರು ತಿಂಗಳಿಗೆ, ಭರ್ಜಿ ಬಿಡು ಎಂದ ಗಂಡನನ್ನೇ ಬಿಟ್ಟು ಬಂದರು. ರಾಜ್ಯದ ಪರವಾಗಿ ದೇಶವೆಲ್ಲ ತಿರುಗಿ ಪದಕ ತಂದರು. ಎಲ್ಲಿಗೆ ಹೋಗುವುದಿದ್ದರೂ ಬಸ್ಸಿನ ಮೇಲೆ ಭರ್ಜಿ ಕಟ್ಟಿಸಬೇಕು. "ಯಾರನ್ನ ಹೊಡ್ಯಾಕ ಹೊಂಟೀರಿ ಅಕ್ಕೋರ?" ಎಂದು ಕಂಡಕ್ಟರ್ ಕೇಳಿದರೆ, "ಚಿಲ್ಲರೆ ಇಲ್ಲ ಅನ್ನಾವರನ್ನ" ಎನ್ನುತ್ತಿದ್ದರು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ರಾಜ್ಯಮಟ್ಟದ ಕ್ರೀಡಾಕೂಟ ಆ ವರ್ಷ ಗಂಗಾವತಿಯಲ್ಲಿ ನಡೆಯಿತು. ಸುತ್ತಲಿನ ಶಾಲೆಗಳ ಶಿಕ್ಷಕರನ್ನೆಲ್ಲ ಕೆಲಸಕ್ಕೆ ಹಚ್ಚಿದ್ದರು. ನನ್ನ ಪಾಲಿಗೆ ಬಂದದ್ದು ಅಳತೆ ಟೇಪಿನ ತುದಿ. ಭರ್ಜಿ ನೆಟ್ಟ ಗುರುತಿಗೆ ಟೇಪಿನ ಉಂಗುರ ಒತ್ತಿ ಕೂರಬೇಕು, ಆ ಕಡೆ ಮುಖ್ಯ ತೀರ್ಪುಗಾರರು ಅಳತೆ ಓದುತ್ತಾರೆ.

ಅಕ್ಕೋರ ಮೂರನೆಯ ಎಸೆತ ನನ್ನ ತಲೆಯ ಮೇಲೆ ಹಾದು ಹಿಂದೆ ಬಿತ್ತು. ಅಷ್ಟು ದೂರ ಯಾರೂ ಎಸೆಯಲಾರರೆಂದು ನಾನು ಮುಂದೆ ಬಂದು ನಿಂತಿದ್ದೆ. ಓಡಿಹೋಗಿ ಉಂಗುರ ಒತ್ತಿದೆ. ತೀರ್ಪುಗಾರರು ಅಳತೆ ಓದಿದವರು ನಂಬಲಾರದೆ ತಾವೇ ನನ್ನ ಹತ್ತಿರ ಬಂದು, ಬಗ್ಗಿ ನೋಡಿ, "ಹಂಗ ಹಿಡೀರಿ, ಇನ್ನೊಮ್ಮೆ ನೋಡೋಣು" ಎಂದರು. ಎರಡನೆಯ ಸಲವೂ ಅಷ್ಟೇ ಬಂತು. ಅದುವರೆಗಿನ ದೇಶದ ದಾಖಲೆಗಿಂತ ಒಂದು ಗೇಣು ಹೆಚ್ಚು. ಅಕ್ಕೋರು ಓಡಿಬರಲಿಲ್ಲ. ನಿಂತಲ್ಲೇ ನಿಂತು ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ನಾಲ್ಕು ವರ್ಷ ಕಳೆದು, ದೇಶದ ದೊಡ್ಡ ಕ್ರೀಡಾ ಪ್ರಶಸ್ತಿಗೆ ಜಿಲ್ಲೆಯಿಂದ ಒಂದು ಹೆಸರು ಕಳಿಸಿ ಎಂದು ಪತ್ರ ಬಂತು. ಅಕ್ಕೋರ ಹೆಸರೇ ಎಂದು ಎಲ್ಲರೂ ತಿಳಿದಿದ್ದರು. ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ವಾಲಿಬಾಲ್ ಆಡುವ ತಂಗಿಯ ಮಗನೊಬ್ಬನಿದ್ದ. ಅಲ್ಲಿಂದ ಮಾತು ಶುರುವಾಯಿತು. ಕುಷ್ಟಗಿ, ಕೊಪ್ಪಳದ ಚಹಾದಂಗಡಿಗಳಲ್ಲೂ ಎರಡು ಪಕ್ಷ. ಗಂಡನನ್ನು ಬಿಟ್ಟವಳಿಗೆ ದೇಶದ ಗೌರವ ಯಾಕೆ ಎಂದರು ಕೆಲವರು. ಹೊರದೇಶಕ್ಕೆ ಹೋಗಿ ಗೆದ್ದಿಲ್ಲವಲ್ಲ ಎಂದರು ಇನ್ನು ಕೆಲವರು. ಕೊನೆಗೆ ಒಂದು ಕರಪತ್ರ ಬಂತು: ಗಂಗಾವತಿಯ ದಾಖಲೆ ಸುಳ್ಳು, ಟೇಪು ಹಿಡಿದವಳು ಆಕೆಯ ಶಾಲೆಯವಳೇ, ಆಕೆಯ ರೊಟ್ಟಿ ತಿಂದವಳು. ತೀರ್ಪುಗಾರರು ಅಷ್ಟೊತ್ತಿಗೆ ತೀರಿಕೊಂಡಿದ್ದರು.

"ಬಿಟ್ಟುಬಿಡ್ರಿ ಅಕ್ಕೋರ, ನಿಮಗ್ಯಾಕ ಈ ರಾಡಿ?" ಎಂದೆ ನಾನು.

"ಬ್ಯಾಡ ಅಂದ್ರ ದೊಡ್ಡ ಮನಸ್ಸಿನಾಕಿ ಅಂತಾರ, ಗೊತ್ತೈತಿ ನನಗ. ಆದ್ರ ಅದು ನನಗ ಬೇಕ್ರಿ ಸಣ್ಣಕ್ಕೋರ. ನಮ್ಮವ್ವಗ ತೋರಿಸಬೇಕು."

ವಿಚಾರಣೆಗೆ ರಾಯಚೂರಿನಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಹಿಂದಿನ ದಿನ ಅಧ್ಯಕ್ಷರು ನನ್ನನ್ನು ಮನೆಗೆ ಕರೆಸಿ, ಚಹಾ ಕೊಡಿಸಿ, ನನ್ನ ಖಾಯಂ ಆದೇಶದ ಕಡತ ಮೇಜಿನ ಮೇಲೆ ತೆರೆದಿಟ್ಟರು. "ಸುಳ್ಳು ಹೇಳ್ರಿ ಅಂತ ನಾ ಅನ್ನಂಗಿಲ್ಲವ್ವಾ. ಅಂಥಾ ಪಾಪ ನನಗ ಬ್ಯಾಡ. ನೆನಪಿಲ್ಲ ಅಂದ್ರ ಮುಗೀತು" ಎಂದರು. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ, ಓದುವ ಇಬ್ಬರು ತಮ್ಮಂದಿರು. ಇದನ್ನು ನಾನು ನೆಪವಾಗಿ ಹೇಳುತ್ತಿಲ್ಲ. ನೆಪವಾಗಿ ಹೇಳಿ ಹೇಳಿ ನನಗೇ ಸಾಕಾಗಿದೆ.

ಸಭಾಭವನ ತುಂಬಿತ್ತು. ಅಕ್ಕೋರು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಅವರ ತಾಯಿ. ಅಧಿಕಾರಿ ಕೇಳಿದರು, "ಟೇಪು ಗುರುತಿನ ಮ್ಯಾಲೇ ಇತ್ತೇನ್ರಿ?"

"ಭಾಳ ವರ್ಷ ಆತ್ರಿ. ನನಗ ನೆನಪಿಲ್ಲ."

ಹಿಂದಿನಿಂದ ಯಾರೋ, "ಹಂಗಾರ ಈಗ ಒಗದು ತೋರಸಲಿ" ಎಂದು ಕೂಗಿದ. ನಗೆ ಎದ್ದಿತು. ಅಕ್ಕೋರಿಗೆ ಆಗ ನಲವತ್ತು ಸಮೀಪಿಸಿತ್ತು, ತೋಳಿನ ಕೀಲು ಸವೆದು ಕರಿಹಲಗೆಯ ಮೇಲೆ ಬರೆಯುವುದೂ ಕಷ್ಟವಾಗಿತ್ತು. ಅವರು ಎದ್ದು, "ನಡಿಯವ್ವಾ" ಎಂದು ತಾಯಿಯ ಕೈಹಿಡಿದು ಹೊರಗೆ ನಡೆದರು. ನನ್ನ ಪಕ್ಕದಿಂದಲೇ ಹಾದುಹೋದರೂ ನನ್ನತ್ತ ನೋಡಲಿಲ್ಲ.

ಜಿಲ್ಲೆಯಿಂದ ಕೊನೆಗೆ ಯಾರ ಹೆಸರೂ ಹೋಗಲಿಲ್ಲ. ತಕರಾರು ಇರುವ ಕಡೆ ಬೇಡವೆಂದು ಮೇಲಿನವರು ಕಡತ ಮುಚ್ಚಿದರು. ನನ್ನ ಆದೇಶ ಮಾತ್ರ ಎರಡು ತಿಂಗಳಲ್ಲಿ ಬಂತು. ಆವತ್ತು ಮಧ್ಯಾಹ್ನ, ಸಭೆಯಾದ ಮೇಲೆ ಮೊದಲ ಸಲ, ಧೈರ್ಯ ಮಾಡಿ ಬುತ್ತಿ ಹಿಡಿದು ಬೇವಿನ ಗಿಡದ ಕಡೆ ಹೋದೆ.

"ಖಾಯಂ ಆತಂತ?" ಎಂದರು.

"ಹೂನ್ರಿ."

"ಛಲೋ ಆತು. ನಿಮ್ಮ ಮನಿ ಕಷ್ಟ ನನಗ ಗೊತ್ತಿಲ್ಲದ್ದೇನಲ್ಲ. ನನಗ ಮೊದಲ ಹೇಳಿದ್ರ ನಾನ ಹಿಂದ ಸರೀತಿದ್ದೆ." ಬುತ್ತಿಯ ಗಂಟು ಕಟ್ಟಿ, "ಇನ್ನ ಮ್ಯಾಲೆ ಊಟಕ್ಕ ನನ್ನ ಜೋಡಿ ಕುಂಡ್ರಬ್ಯಾಡ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆಯೂ ಆರು ವರ್ಷ ಒಂದೇ ಶಾಲೆಯಲ್ಲಿದ್ದೆವು. ನಮಸ್ಕಾರ ಎಂದರೆ ನಮಸ್ಕಾರ ಎನ್ನುತ್ತಿದ್ದರು, ಅಷ್ಟೇ. ಸಣ್ಣಕ್ಕೋರು ಎಂದು ಮತ್ತೆ ಕರೆಯಲಿಲ್ಲ.

ಅಕ್ಕೋರು ಕಾಮಾಲೆಯಾಗಿ ಒಂದೇ ವಾರದಲ್ಲಿ ಹೋಗಿಬಿಟ್ಟರು. ಶಾಲೆಯಲ್ಲಿ ಶೋಕಸಭೆ ನಡೆಯಿತು, ಅದರ ಅಧ್ಯಕ್ಷತೆಯೂ ಮಂಡಳಿಯ ಅದೇ ಅಧ್ಯಕ್ಷರದು. ನಮ್ಮ ತಾಲೂಕಿನ ಹೆಮ್ಮೆಯ ಮಗಳು ಎಂದು ಅವರು ಕಣ್ಣೊರೆಸಿಕೊಂಡರು. ಎರಡು ಮಾತಾಡಿ ಎಂದು ನನ್ನನ್ನು ಕರೆದರು. ನಾನು ಎದ್ದು ಹೇಳಿದೆ: ಗಂಗಾವತಿಯಲ್ಲಿ ಟೇಪು ಹಿಡಿದವಳು ನಾನು. ಎರಡು ಸಲ ಅಳೆದೆವು, ಅಳತೆ ಸರಿಯಿತ್ತು, ಅವತ್ತು ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಜನ ಬೈಯುತ್ತಾರೆ, ಏನಾದರೂ ಆಗುತ್ತದೆ ಎಂದುಕೊಂಡಿದ್ದೆ.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, ಸಮಾಧಾನದ ದನಿಯಲ್ಲಿ, "ಅದು ಎಲ್ಲಾರಿಗೂ ಗೊತ್ತಿದ್ದದ್ದ ಐತಿ, ಕುಂಡ್ರವಾ" ಎಂದರು. ಸಭೆಯಲ್ಲಿ ಹಲವು ತಲೆಗಳು ಹೌದೆಂದು ಆಡಿದವು. ಹಿಂದಿನ ಬೆಂಚಿನಲ್ಲಿದ್ದ ಅಕ್ಕೋರ ತಾಯಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಒಂದು ನಿಮಿಷ ಮೌನಕ್ಕೆ ಎಲ್ಲರೂ ಎದ್ದು ನಿಂತರು. ನಾನು ನಿಂತೇ ಇದ್ದೆ.