ಕೊರಳಲ್ಲಿ ತೂಗುತ್ತಿದ್ದ ಕೀ

ಅವರ ಅಂಗಿಯ ಎರಡನೇ ಗುಂಡಿಯ ಹತ್ತಿರ ಒಂದು ತುಕ್ಕಿನ ಕಲೆ ಇರುತ್ತಿತ್ತು. ಯಾವ ಅಂಗಿ ತೊಟ್ಟರೂ ಅಲ್ಲೇ. ಕೊರಳಿನ ಕಪ್ಪು ದಾರದಲ್ಲಿ ತಾಯಿತದ ಜೊತೆ ತೂಗುತ್ತಿದ್ದ ಲೋಡರಿನ ಕೀ, ಬೆವರಿಗೆ ಬಿಟ್ಟ ಗುರುತು ಅದು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯ ಜಲ್ಲಿ ಕ್ರಷರಿನಲ್ಲಿ ನಾನು ಸೂಪರ್‌ವೈಸರ್. ಅವರು ಲಾರಿಗಳಿಗೆ ಜಲ್ಲಿ ತುಂಬುವ ಲೋಡರಿನ ಡ್ರೈವರ್. ನಮಗೆಲ್ಲ ಭಾಯಿ.

ಬೀಡಿ ಸೇದಲು ಇಳಿದರೂ ಕೀ ಅವರ ಜೊತೆಗೇ ಇಳಿಯುತ್ತಿತ್ತು. ಮತ್ತೆ ಹತ್ತುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ಚಕ್ರಗಳ ಸಂದಿ ನೋಡಿ, "ಯಾರವ್ರೆ ಹಿಂದ್ಗಡೆ?" ಎಂದು ಕೂಗುತ್ತಿದ್ದರು.

"ಏನ್ ಭಾಯ್, ಗಾಡಿಗೆ ಪ್ರದಕ್ಷಿಣೆನಾ?" ಎಂದು ಲಾರಿಯವನೊಬ್ಬ ರೇಗಿಸಿದ್ದ.

"ಊಂ ಕಣ್ಲಾ. ನಿನ್ ಹೆಂಡ್ತಿ ತಾಳಿ ಉಳೀಲಿ ಅಂತ ಹಾಕ್ತಾವ್ನಿ."

ನನಗೆ ಶಿಸ್ತಿನವರನ್ನು ಕಂಡರೆ ಇಷ್ಟ. ಇಬ್ಬರಿಗೂ ಹೊಂದಿತ್ತು.

ಒಂದು ಆಯುಧಪೂಜೆ. ಲೋಡರ್ ತೊಳೆದು, ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು. ಅವುಗಳ ಮೇಲೆ ಗಾಡಿ ಹತ್ತಿಸಿದರೆ ಪೂಜೆ ಮುಗಿಯಿತು. ರಾಹುಕಾಲ ಹತ್ತಿರ ಬರುತ್ತಿತ್ತು. ಭಾಯಿ ಎಂದಿನಂತೆ ಸುತ್ತು ಬರಲು ಹೊರಟರು.

"ಹತ್ತಿ ಭಾಯ್," ಎಂದರು ಕ್ರಷರಿನ ಸಾಹುಕಾರರು. "ನಿಮ್ ಹಬ್ಬ ಆಗಿದ್ರೆ ಹಿಂಗೆ ಸತಾಯ್ಸ್ತಿದ್ರಾ?"

ಜನ ನಕ್ಕರು. ಭಾಯಿಯ ಮುಖ ಸಣ್ಣದಾಯಿತು. ಅವರು ನೋಡಿಕೊಂಡೇ ಬರಲಿ ಎನ್ನಬೇಕಾದವನು ನಾನು. ಅದು ನನ್ನ ಕೆಲಸವೇ. ನಾನು ಗಡಿಯಾರ ನೋಡಿಕೊಂಡೆ. ಅವರು ಹತ್ತಿ ಕೀ ತಿರುಗಿಸಿದರು.

ಹಿಂದಿನ ಚಕ್ರದ ನಿಂಬೆಹಣ್ಣು ಜಲ್ಲಿಯ ಮೇಲೆ ಉರುಳಿಹೋಗಿತ್ತು. ಕಸ ಗುಡಿಸುವ ಹೆಂಗಸು ಅದನ್ನು ಸರಿಯಾಗಿಡಲು ಅಲ್ಲೇ ಬಗ್ಗಿದ್ದಳು. ಕಿರುಚಿದ್ದು ಕೇಳಿ ಭಾಯಿ ಬ್ರೇಕ್ ಒತ್ತಿದರು. ಅವಳ ಜೀವ ಉಳಿಯಿತು, ಬಲಗೈಯ ಬೆರಳುಗಳು ಉಳಿಯಲಿಲ್ಲ.

"ಮಾತಿಗೆ ಅಂಜಿ ಗಾಡಿ ಬುಟ್ಬುಟ್ಟೆ ಸಾ," ಎಂದು ಭಾಯಿ ಕೀಯನ್ನು ನನ್ನ ಕೈಗೆ ಹಾಕಿದರು. ತಪ್ಪೆಲ್ಲ ಡ್ರೈವರದೇ ಎಂದಾಯಿತು. ಅಲ್ಲ ಎಂದು ಯಾರೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಮತ್ತೆ ಸ್ಟೀರಿಂಗ್ ಹಿಡಿಯದೆ, ತರಕಾರಿ ಮಂಡಿಯಲ್ಲಿ ಮೂಟೆಗಳ ಬಾಯಿ ಹೊಲಿಯುತ್ತ ಉಳಿದರು.

ಈ ವರ್ಷ, ಅವರು ತೀರಿಕೊಳ್ಳುವುದಕ್ಕೆ ಕೆಲವು ದಿನ ಮುಂಚೆ ನೋಡಲು ಹೋಗಿದ್ದೆ. ಕೊರಳಲ್ಲಿ ತಾಯಿತ ಒಂದೇ ಇತ್ತು. ಆ ಹೆಂಗಸು ಹೇಗಿದ್ದಾಳೆಂದು ಕೇಳಿದರು. ಆಮೇಲೆ ಮೆಲ್ಲಗೆ, ದೂರುವ ದನಿಯೇ ಇಲ್ಲದೆ, "ಆವತ್ತು ನೀವಾದ್ರೂ ಬ್ಯಾಡ ಅನ್ಬೋದಿತ್ತು ಸಾ," ಎಂದರು.

ನಾನು ಗಡಿಯಾರ ನೋಡಿಕೊಂಡೆ. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಎದ್ದೆ.